ಕುಮಾರಿಯ ಕೈಗೊಂದು ಹಿಡಿ

…ನಗಬೇಡ ಅಂದೆ! ನಕ್ಕರೆ ಈ ಗಂಟು ಬಿಚ್ಚೋದೇ ಇಲ್ಲ ನೋಡು, ಬಂದ ಬಸ್ಸಿಗೇ ವಾಪಸ್ ಚಳ್ಳಕೆರೆಗೆ ಹೋಗಿಬಿಡ್ತೀನಿ. ಸುಳ್ಳಾ? ನಾನ್ಯಾಕೆ ಸುಳ್ಳು ಹೇಳಲಿ? ಕೊಂಡ್ಲಹಳ್ಳಿ ಹತ್ತಿರ ಬಸ್ಸು ಒಂದು ಗುಂಡಿಗೆ ಇಳಿದು ಎಗರಿತು, ನನ್ನ ತಲೆ ಹೋಗಿ ಮೇಲಿನ ತಗಡಿಗೆ ಬಡೀತು, ತಗಡು ತಗ್ಗು ಬಿತ್ತು. ನನಗೇನೂ ಆಗಲಿಲ್ಲ. ಡ್ರೈವರ್ ಬಂದು ತಗಡು ಸವರಿ ನೋಡಿ ಅತ್ತ. ಆದರೆ ಮಡಿಲಲ್ಲಿದ್ದ ಈ ಗಂಟು? ಒಂದಿಷ್ಟೂ ಅಲ್ಲಾಡಲಿಲ್ಲ ಕಣೇ ಕುಮಾರಿ! ಕೈಗೂಸಿನ ಹಂಗೆ ಹಿಡ್ಕೊಂಡು ಬಂದಿದ್ದೀನಿ. ಕಂಡಕ್ಟರ್ ಕೇಳಿದ, “ಏನ್ ಯಜಮಾನ್ರೇ, ಕೂಸಿಗೆ ಅರ್ಧ ಟಿಕೆಟ್ಟಾ?” ಅಂತ. “ಇನ್ನೂ ಹಲ್ಲೇ ಬಂದಿಲ್ಲ, ಬಿಡಪ್ಪಾ” ಅಂದೆ.

ಬೇಡ, ಕಾಫಿ ಗೀಫಿ ಬೇಡ. ನೀರು ಕೊಟ್ಟೆಯಲ್ಲ, ಸಾಕು. ಮಗ್ಗದ ಗುಂಡಿಯಿಂದ ಮೇಲೂ ಬರಬೇಡ, ಕಾಲು ಇಳಿಬಿಟ್ಟುಕೊಂಡು ಅಲ್ಲೇ ಕೂತು ಕೇಳು. ಲಾಳಿ ಒಂದು ಗಳಿಗೆ ಸುಮ್ಮನಿರಲಿ. ನೀನಂತೂ ಹೆಂಗಿದ್ದರೂ ಸುಮ್ಮನಿರೋಳೇ. ಹುಟ್ಟಿದಾಗಲೂ ಅಳಲಿಲ್ಲ ಕಣೇ ನೀನು! ಸೂಲಗಿತ್ತಿ ಗಾಬರಿ ಬಿದ್ದಳು ಅಂತ ನಿನ್ನ ಬದಲಿಗೆ ಹೊರಗೆ ನಿಂತು ನಾನೇ ಅತ್ತೆ. ಕೇರಿಯೋರೆಲ್ಲ, “ಅಬ್ಬಾ, ಕೂಸಿನ ಧ್ವನಿ ಎಷ್ಟು ದಪ್ಪ!” ಅಂದ್ರು.

ಹಾಂ, ಈಗ ನಕ್ಕೆ. ಈಗ ನಗಬಹುದು, ಪರವಾಗಿಲ್ಲ.

ನೀನು ಈ ಪಾತಣ್ಣನನ್ನ ಬರೀ ಸೋದರಮಾವ ಅಂದ್ಕೊಂಡಿದ್ದೀಯಾ. ಮುರುಗೇಂದ್ರಪ್ಪನ ಫೌಂಡ್ರಿಗೆ ಬಂದು ಕೇಳು, ಯಾರು ಅಂತ ಹೇಳ್ತಾರೆ. ನಮೂನೆ ಮೇಸ್ತ್ರಿ! ಎಣ್ಣೆ ಮಿಲ್ಲಿನ ಹಲ್ಲುಚಕ್ರ ಇರಲಿ, ಬೋರ್‌ವೆಲ್ ಪಂಪಿನ ಮುಚ್ಚಳ ಇರಲಿ, ಚಳ್ಳಕೆರೆಯಲ್ಲಿ ತಿರುಗೋದೆಲ್ಲ ಮೊದಲು ನನ್ನ ಕೈಯಲ್ಲಿ ಮರದ ನಮೂನೆಯಾಗಿ ಹುಟ್ಟಬೇಕು, ಆಮೇಲೆ ಅದನ್ನ ಮರಳಲ್ಲಿ ಒತ್ತಬೇಕು, ಆ ಗುಳಿಗೆ ಕರಗಿದ ಲೋಹ ಹೊಯ್ಯಬೇಕು. ಮಗ್ಗದ ಮನೇಲಿ ಹುಟ್ಟಿ ಮರಳಿಗೆ ಹೋದೋನು ನಾನು. ಆದರೆ ಕಸುಬು ನಮಗೆ ಹೊಸದಲ್ಲಮ್ಮಾ. ಬ್ರಹ್ಮಗಿರಿ ಬಂಡೆ ಮೇಲೆ ಅಶೋಕ ಶಾಸನ ಕೆತ್ತಿಸಿದನಲ್ಲ, ಆವತ್ತು ಉಳಿ ಹಿಡಿದೋನು ನಮ್ಮ ಮುತ್ತಾತನ ಮುತ್ತಾತ. ಸತ್ಯವನ್ನೇ ಹೇಳಬೇಕು ಅಂತ ಅದರಲ್ಲಿ ಬರೆದೈತಂತೆ. ಕೆತ್ತಿದೋನಿಗೆ ಓದೋಕೆ ಬರ್ತಿರಲಿಲ್ಲ. ಅದಕ್ಕೇ ನಮ್ಮ ವಂಶ ಬಚಾವಾಯ್ತು.

ಎಲ್ಲಿ, ಮಣಿಕಟ್ಟು ತೋರಿಸು. ತೋರಿಸು ಅಂದರೆ… ಸೆರಗಿನೊಳಗೆ ಯಾಕೆ ತೂರಿಸ್ತೀಯಾ? ನಾನೇನು ಹೆಣ್ಣು ನೋಡೋಕೆ ಬಂದಿದ್ದೀನಾ?

…ಆಯ್ತು. ಆಯ್ತು ಕಣೇ. ಆ ಮಾತು ಬೇಡವಾಗಿತ್ತು. ನನ್ನ ನಾಲಿಗೆಗೆ ಬ್ರೇಕು ಹಾಕೋ ಮೆಕ್ಯಾನಿಕ್ಕು ಇನ್ನೂ ಹುಟ್ಟಿಲ್ಲ. ಕೊಡು ಕೈ.

ಅಯ್ಯೋ… ಮತ್ತೆ ಹಸಿಯಾಗೈತಲ್ಲೇ ಇದು. ಲಾಳಿ ಎಳೆಯೋ ಹಗ್ಗನ ಮಣಿಕಟ್ಟಿಗೆ ಸುತ್ಕೊಂಡು ಎಳೀತಾ ಇದ್ದರೆ ಇನ್ನೇನಾಗ್ತದೆ? ಬಟ್ಟೆ ಸುತ್ತಿದ್ದೀಯಾ, ಆ ಬಟ್ಟೆನೂ ಗಾಯಕ್ಕೆ ಕಚ್ಕೊಂಡೈತೆ. ರೇಷ್ಮೆ ಕುದಿಸೋ ಹಂಡೆ ಕೈಮೇಲೆ ಮಗುಚಿತು, ಬೆರಳು ಮಡಚಿಕೊಂಡವು, ಹಗ್ಗದ ತುದಿಯ ಆ ಸಣ್ಣ ಮರದ ಗುಬುಟು ನಿನ್ನ ಮುಷ್ಟಿಗೆ ಸಿಗಲ್ಲ. ಎಲ್ಲಾ ಸರಿ. ಅದಕ್ಕೆ ಮಣಿಕಟ್ಟನ್ನೂ ಕೊಯ್ಕೋಬೇಕಾ? ಹಿಂಗೇ ಎಳೆದರೆ ಇನ್ನೊಂದು ವರ್ಷಕ್ಕೆ ಕೈಯೂ ಇಲ್ಲ, ಮಗ್ಗವೂ ಇಲ್ಲ. ನಾನು ಹೇಳ್ತಿಲ್ಲಮ್ಮಾ, ಡಾಕ್ಟ್ರು ಹೇಳಿದ್ದು.

ಅದಕ್ಕೇ ಇದು. ಈ ಗಂಟಿನಲ್ಲಿರೋದು ಆ ಹಗ್ಗಕ್ಕೆ ಕಟ್ಟೋ ಒಂದು ಹಿಡಿ. ನಿನ್ನ ಬಲಗೈಗೆ ಅಂತಲೇ ಅಲ್ಯೂಮಿನಿಯಂ ಎರಕ. ಬೇರೆ ಯಾರು ಹಿಡಿದರೂ ಇದು ಮುನಿಸಿಕೊಂಡು ಜಾರಿಬಿಡ್ತದೆ. ನೀನು ಹಿಡಿದರೆ ಮಾತ್ರ… ತಡಿ, ಬಿಚ್ತೀನಿ, ಅವಸರ ಮಾಡಬೇಡ. ಮೊದಲು ಕೇಳು, ಯಾರು ಮಾಡಿದ್ದು ಅಂತ.

ಕೇಳಲ್ವಾ?

ಹಂಗಾದರೆ ನಾನೇ ಹೇಳ್ತೀನಿ. ಹೆಸರು ಎತ್ತಬಾರದು ಅಂತ ಆಣೆ ಹಾಕಿದ್ದೀಯಲ್ಲ, ಎತ್ತಲ್ಲ. ‘ಅವಳು’ ಅಂತೀನಿ. ಅವಳು ಅಂದರೆ ಅವಳೇ… ನಿನ್ನ ಬೆನ್ನಿಗೆ ಬಿದ್ದೋಳು. ನಿನ್ನ ಸೆರಗು ಹಿಡಿದೇ ನಡೆಯೋದು ಕಲಿತ ನಿನ್ನ ತಂಗಿ. ಮುಖ ತಿರುಗಿಸಬೇಡ ಶಾಂತಕುಮಾರೀ! ಏಯ್, ಏಯ್, ಲಾಳಿ ಬಿಡು! ನಾನು ಮಾತಾಡುವಾಗ ಮಗ್ಗ ಬಡಿದರೆ ನನಗೆ ಕೇಳಿಸಲ್ಲ ಅಂದ್ಕೊಂಡೆಯಾ? ಫೌಂಡ್ರಿಯೋನು ನಾನು, ಇದರ ನಾಲ್ಕರಷ್ಟು ಗದ್ದಲದಲ್ಲಿ ಹರಿಕಥೆ ಮಾಡಿದೋನು.

…ಹಾಂ. ನಿಲ್ಲಿಸಿದೆಯಲ್ಲ. ಹಂಗೇ ಇರು.

ನೆನಪೈತಾ, ಮದುವೆ ಮಾತುಕತೆಗಿಂತ ಮುಂಚೆ? ಇದೇ ಜಗಲಿ ಮೇಲೆ. “ಅಕ್ಕಾ, ಕೈ ಕೊಡು” ಅಂದಳು. ಬೆಚ್ಚಗಿನ ಮೇಣದ ಮುದ್ದೆನ ನಿನ್ನ ಅಂಗೈಗಿಟ್ಟು, ಮೇಲೆ ತನ್ನ ಎರಡೂ ಕೈ ಮುಚ್ಚಿ ಹಿಡ್ಕೊಂಡು ಕೂತಳು, ಮೇಣ ಗಟ್ಟಿಯಾಗೋವರೆಗೂ. ನೀನು “ಬಿಡೇ, ಕಚಗುಳಿ ಆಗ್ತದೆ” ಅಂತಿದ್ದೆ. ನಗ್ತಿದ್ದೆ ಕಣೇ ನೀನು! ಸುಟ್ಟಮೇಲೆ ಆ ಕೈನ ಯಾರಿಗೂ ಮುಟ್ಟೋಕೆ ಬಿಡದೋಳು, ಅವತ್ತು ಬಿಟ್ಟೆ. ನಾನು ಆ ಕಂಬಕ್ಕೆ ಒರಗಿ ನೋಡ್ತಾ ಇದ್ದೆ. ನನಗೆ ಏನೋ ಕೆಮ್ಮು ಬಂದ ಹಂಗಾಗಿ ಹೊರಗೆ ಹೋದೆ. ಕೆಮ್ಮೇ. ಬೇರೇನಲ್ಲ.

ಚಳ್ಳಕೆರೆಯಲ್ಲಿ ಮಹಾಂತೇಶನ ಕಂಪ್ಯೂಟರ್ ಸೆಂಟರಿನಲ್ಲಿ ಡ್ರಾಯಿಂಗ್ ಮಾಡ್ತಿದ್ದಳಲ್ಲ ಅವಳು, ಕ್ಯಾಡ್ ಅಂತಾರೆ ಅದಕ್ಕೆ. ನಿನ್ನ ಮುಷ್ಟಿಯ ಆ ಮೇಣದ ಅಚ್ಚನ್ನ ಸೌತೆಕಾಯಿ ಹೆಚ್ಚಿದ ಹಂಗೆ ಬಿಲ್ಲೆ ಬಿಲ್ಲೆ ಕುಯ್ದಳು. ಒಂದೊಂದು ಬಿಲ್ಲೆಯ ಅಂಚನ್ನೂ ಅಳೆದು ಕಂಪ್ಯೂಟರಿಗೆ ತುಂಬಿದಳು, ತುಂಬಿ ಮತ್ತೆ ಒಂದರ ಮೇಲೊಂದು ಪೇರಿಸಿದಳು. ಪರದೆ ಮೇಲೆ ನೋಡ್ತೀನಿ, ನಿನ್ನ ಮುಷ್ಟಿಯೊಳಗಿನ ಗಾಳಿ ನಿಂತೈತೆ! ಹಂಗೆ ತಿರುಗಿಸಿದರೆ ಹಂಗೆ ತಿರುಗ್ತದೆ, ಹಿಂಗೆ ತಿರುಗಿಸಿದರೆ ಹಿಂಗೆ. ನನ್ನ ನೋಡಿ ಆ ಕಂಪ್ಯೂಟರು ಎದ್ದು ನಿಂತು ನಮಸ್ಕಾರ ಮಾಡ್ತು. “ಕೂತ್ಕೋ ಕೂತ್ಕೋ” ಅಂದೆ.

ತಮಾಷೆ ಈಗ ಶುರು. ಪರದೆ ಮೇಲಿನದನ್ನ ಬೆಂಗಳೂರಿನ ಒಂದು ಯಂತ್ರಕ್ಕೆ ಕಳಿಸಬೇಕು. ಅದು ದೋಸೆ ಮೇಲೆ ದೋಸೆ ಪೇರಿಸಿದ ಹಂಗೆ ತೆಳ್ಳನೆ ಪದರದ ಮೇಲೆ ಪದರ ಇಟ್ಟು ಪ್ಲಾಸ್ಟಿಕ್ಕಿನಲ್ಲಿ ನಮೂನೆ ಕಟ್ತದೆ. ಮರ ಬೇಡ, ಉಳಿ ಬೇಡ, ಪಾತಣ್ಣನೂ ಬೇಡ! ಕಳಿಸೋದಕ್ಕೆ ಎಕ್ಸ್‌ಪೋರ್ಟ್ ಅಂತಾರೆ. ಎಕ್ಸ್‌ಪೋರ್ಟ್ ಮಾಡುವಾಗ ಕಂಪ್ಯೂಟರು ಒಂದೇ ಪ್ರಶ್ನೆ ಕೇಳೋದು: ಒರಟಾಗಿ ಕಳಿಸಲಾ, ನಯವಾಗಿ ಕಳಿಸಲಾ? ಯಾಕಂದರೆ ಅದಕ್ಕೆ ಗುಂಡು ಅನ್ನೋದೇ ಗೊತ್ತಿಲ್ಲ ಪಾಪ. ಗುಂಡಗಿರೋದನ್ನೆಲ್ಲ ತ್ರಿಕೋನದ ಚೂರು ಅಂಟಿಸಿ ಅಂಟಿಸಿ ಮುಚ್ಚಿ, “ತಗೋ, ಗುಂಡಗೈತೆ” ಅಂತದೆ. ಒರಟು ಅಂದರೆ ದೊಡ್ಡ ದೊಡ್ಡ ಚೂರು, ಒಂದು ಫ್ಲಾಪಿಯಲ್ಲಿ ಹಿಡೀತದೆ. ನಯ ಅಂದರೆ ಸಾಸಿವೆಗಿಂತ ಸಣ್ಣ ಚೂರು, ಲಕ್ಷಗಟ್ಟಲೆ. ಫ್ಲಾಪಿ ಹೊಟ್ಟೆ ಒಡೆದು ಸಾಯ್ತದೆ, ಅದಕ್ಕೆ ಸೀಡಿನೇ ಬೇಕು.

ಅವಳು ಮದುವೆಯಾಗಿ ಬೆಳಗಾವಿಗೆ ಹೋಗುವಾಗ ಅಸಲಿ ಫೈಲನ್ನ ಜೊತೇಲಿ ಒಯ್ದಿದ್ದಳು. ಮಹಾಂತೇಶನ ಹತ್ತಿರ ಉಳಿದದ್ದು ಪರೀಕ್ಷೆಗೆ ಅಂತ ಮಾಡಿದ ಒಂದು ಒರಟು ಫ್ಲಾಪಿ. ಅದನ್ನೇ ಕಳಿಸಿದ್ವಿ. ಬಂತು ನೋಡು ನಮೂನೆ… ಕಲ್ಲುಸಕ್ಕರೆ! ಎಲ್ಲಿ ಮುಟ್ಟಿದರೂ ಮೂಲೆ, ಎಲ್ಲಿ ಸವರಿದರೂ ಅಂಚು. ಮುರುಗೇಂದ್ರಪ್ಪ ಕೈಗೆ ತಗೊಂಡು, “ಏನ್ ಪಾತಣ್ಣಾ, ಚಿತ್ರದುರ್ಗದ ಕೋಟೆಯಿಂದ ಒಂದು ಕಲ್ಲು ಕಿತ್ಕೊಂಡು ಬಂದೆಯಾ?” ಅಂದ. ನಾನೇ ಅದನ್ನ ಹಗ್ಗಕ್ಕೆ ಕಟ್ಟಿ ಸ್ವಲ್ಪ ಹೊತ್ತು ಎಳೆದು ನೋಡಿದೆ. ನನ್ನ ಅಂಗೈ! ಮೊಸಳೆ ಬೆನ್ನಿನಂಥ ಅಂಗೈ! ಕಾದ ಕುಲುಮೆ ಬಾಗಿಲನ್ನ ಬರಿಗೈಯಲ್ಲಿ ತೆಗೆಯೋ ಅಂಗೈ! ಅದಕ್ಕೇ ಗುಳ್ಳೆ ಎದ್ದವು. ಇನ್ನು ನಿನ್ನ ಸುಟ್ಟ ಚರ್ಮಕ್ಕೆ ಅದನ್ನ ಕೊಡೋಕಾಗ್ತದಾ?

ಸೀದಾ ಎಸ್‌ಟಿಡಿ ಬೂತಿಗೆ ಹೋದೆ, ಬೆಳಗಾವಿಗೆ ಹಚ್ಚಿದೆ. ನಾನು ಹಲೋ ಅಂದೆನೋ ಇಲ್ಲವೋ, “ಮಾಮಾ, ಅಕ್ಕ ಹೆಂಗಿದ್ದಾಳೆ?” ಅಂದಳು. ವಿಷಯ ಹೇಳಿದೆ. ಉರಿದುಬಿದ್ದಳು ನೋಡು! “ಒರಟು ಕಳಿಸಿದ್ದು ಯಾರು? ಅಕ್ಕನ ಕೈಗೆ ಒರಟಾ?” ಅಂತ. ಆ ಕೂಗಿಗೆ ಬೂತಿನ ಗಾಜು ಬಿರುಕು ಬಿಡ್ತು. ಬೂತಿನ ಜಯಣ್ಣ ಈಗಲೂ ನನ್ನ ಕಂಡರೆ ಗಾಜು ತೋರಿಸ್ತಾನೆ. ಆಮೇಲೆ ಅವಳೇ ಕೂತು, ಅಸಲಿ ಫೈಲಿನಿಂದ, ನಯಕ್ಕಿಂತ ನಯವಾಗಿ ಎಕ್ಸ್‌ಪೋರ್ಟ್ ಮಾಡಿದಳು. ಆ ಕಂಪ್ಯೂಟರು ಏದುಸಿರು ಬಿಟ್ಟು, ಬೆವತು, “ಅಮ್ಮಾ ತಾಯೀ, ಬಿಟ್ಟುಬಿಡು” ಅಂತ ಕೈ ಮುಗೀತಂತೆ. ಇವಳು ಬಿಡಲಿಲ್ಲ. ಸೀಡಿ ಕೊರಿಯರಿನಲ್ಲಿ ಬಂತು. ಬಿಸಿಬಿಸಿಯಾಗೇ ಬಂತು!

ಏನು? ಯಾಕೆ ಹಂಗೆ ನೋಡಿದೆ?

ನಿಜವಾಗಿ ಕೇಳಿದಳಾ ಅಂತಾನಾ? …ಕೇಳಿದಳು ಕಣೇ. “ಅಕ್ಕನ ಕೈಗೆ ಒರಟಾ” ಇದೇ ಮಾತು, ಒಂದಕ್ಷರ ಹೆಚ್ಚಿಲ್ಲ ಕಡಿಮೆ ಇಲ್ಲ. ಇನ್ನೊಂದು ಸಲ ಹೇಳಲಾ? ಎಷ್ಟು ಸಲ ಬೇಕಾದರೂ ಹೇಳ್ತೀನಿ.

ಸೀಡಿ ಬಂತು ಅಂತ ಪಾತಣ್ಣನ ಕೆಲಸ ಮುಗೀತು ಅಂದ್ಕೋಬೇಡ. ಲೋಹ ಬಿಸಿ ಇದ್ದಾಗ ಒಂದು ಅಳತೆ, ತಣ್ಣಗಾದರೆ ಇನ್ನೊಂದು. ಕುಗ್ಗಿಹೋಗ್ತದೆ. ಅದಕ್ಕೇ ನಮೂನೆನ ಒಂದಿಷ್ಟು ದೊಡ್ಡದಾಗೇ ಮಾಡಬೇಕು. ನಮ್ಮ ಕಸುಬಿನೋರ ಹತ್ತಿರ ಒಂದು ಸ್ಕೇಲು ಇರ್ತದೆ, ಅದರ ಒಂದು ಅಡಿ ಲೋಕದ ಒಂದು ಅಡಿಗಿಂತ ಉದ್ದ. ಬಡಾಯಿ ಸ್ಕೇಲು! ಅದು ಬಡಾಯಿ ಕೊಚ್ಚಿದರೇನೇ ಎರಕ ಸರಿಯಾಗಿ ಬರೋದು. ಅವಳು ಅಂತಿದ್ದಳಲ್ಲ, “ಮಾಮಾ, ನಿನ್ನನ್ನ ಹೆತ್ತಮೇಲೆ ಆ ಸ್ಕೇಲಿನಲ್ಲೇ ಅಳೆದಿರಬೇಕು” ಅಂತ. ನೀನು ಅದಕ್ಕೆ ಊಟ ಮಾಡ್ತಾ ಮಾಡ್ತಾ ನೆತ್ತಿಗೆ ಹತ್ತಿಸಿಕೊಂಡಿದ್ದೆ. ಇಬ್ಬರೂ ಸೇರಿಕೊಂಡು ನನ್ನ ಆಡಿಕೊಳ್ಳೋ ಸುಖ ಐತಲ್ಲ ಕುಮಾರೀ… ಆ ಸುಖ ನನಗೆ ಯಾವ ಜನ್ಮಕ್ಕೂ ಸಾಕು ಅನಿಸಲ್ಲ.

ಇರಲಿ. ಇನ್ನೊಂದು ಸುದ್ದಿ. ಇದು ದೊಡ್ಡದು.

ಅವಳಿಗೆ ಏಳು ತುಂಬೈತೆ.

…ಹೂಂ. ಏಳು. ಹೊಟ್ಟೆ ಇಷ್ಟು ಮುಂದಕ್ಕೆ. ಮೊದಲ ಬಾಣಂತನ ತವರಲ್ಲಿ ಆಗಬೇಕು. ನಿಮ್ಮಪ್ಪ ಇಲ್ಲ, ಅವ್ವ ಇಲ್ಲ. ಅವ್ವ ಇಲ್ಲದ ಮೇಲೆ ಅಕ್ಕ ಇರೋ ಮನೇನೇ ತವರು. ನೀನು ‘ಬಾ’ ಅಂದರೆ ಬರ್ತಾಳೆ. ಅವಳೇ ಅಂದಳು, “ಅಕ್ಕ ಕರೆದರೆ ಬರ್ತೀನಿ ಮಾಮಾ” ಅಂತ. ನೀನು ಹೋಗೋದೂ ಬೇಡ. ನಾನೇ ಹೋಗಿ ಕರ್ಕೊಂಡು ಬರ್ತೀನಿ. ಒಂದೇ ಅಕ್ಷರ ಕಣೇ. ಬಾ. ಅಷ್ಟು ಸಾಕು. ನಿನ್ನ ಬಾಯಿಂದ ಆ ಒಂದಕ್ಷರ ತಗೊಂಡು ಹೋಗೋಕೇ ನಾನು ಬಂದಿರೋದು. ಹಿಡಿ ಒಂದು ನೆಪ.

ಗೊತ್ತು. ಎಲ್ಲಾ ಗೊತ್ತು ನನಗೆ. ಅವರು ನಿನ್ನ ನೋಡೋಕೆ ಬಂದೋರು, ಒಪ್ಪಿದ್ದು ಅವಳನ್ನ. ಉಪ್ಪಿಟ್ಟಿನ ತಟ್ಟೆ ಕೊಡುವಾಗ ಆ ಹುಡುಗ ರವಿತೇಜನ ಅವ್ವ ನಿನ್ನ ಸೆರಗು ಸರಿಸಿ ಕೈ ನೋಡಿದ್ದು ನಾನೂ ನೋಡಿದೆ. ನೋಡಿ, ತಟ್ಟೆನ ಆ ಕಡೆ ಇಟ್ಟು, “ಚಿಕ್ಕೋಳಿಗೂ ವಯಸ್ಸಾಯ್ತಲ್ಲ” ಅಂದಳು. ಇವಳು ಹೂಂ ಅಂದಳು. ಯಾಕೆ ಅಂದಳೋ… ಹುಡುಗ ಇಷ್ಟ ಆಗಿರಬೇಕು. ಇಷ್ಟ ಆಗೋದು ತಪ್ಪಾ? ಸರಿ, ತಪ್ಪೇ ಅನ್ನು. ಆದರೆ ಧಾರೆಗೆ ಮುಂಚೆ ಮೈಯೆಲ್ಲಾ ಅರಿಶಿನ ಮೆತ್ಕೊಂಡೇ ಇಲ್ಲಿಗೆ ಓಡಿಬಂದು ಈ ಬಾಗಿಲು ಬಡಿದಳಲ್ಲ, ನೀನು ಮಗ್ಗ ನಿಲ್ಲಿಸಲಿಲ್ಲ. “ಅಕ್ಕಾ, ಅಕ್ಕಾ” ಅಂತ ಅವಳು ಹೊರಗೆ. ಲಟಕ್ ಲಟಕ್ ಅಂತ ನಿನ್ನ ಲಾಳಿ ಒಳಗೆ. ಬೀದಿಯೆಲ್ಲಾ ಕೇಳ್ತಿತ್ತು. ಬಾಗಿಲ ಮೇಲೆ ಅರಿಶಿನದ ಕೈ ಗುರುತು ಎಷ್ಟು ದಿನ ಇತ್ತು… ಆಮೇಲೆ ನೀನು ಬಾಗಿಲಿಗೆ ಬಣ್ಣ ಹೊಡೆಸಿದೆ.

ಅಳಬೇಡ. ನಾನು ಅಳಿಸೋಕೆ ಬಂದೋನಲ್ಲಪ್ಪಾ, ನಗಿಸೋಕೆ ಬಂದೋನು. ಆ ಮಾತೆಲ್ಲ ಆಮೇಲೆ. ಮೊದಲು ಇದನ್ನ ಹಿಡಿ. ಹಿಡಿದು ನೋಡಿ, ಆಮೇಲೆ ಬಾ ಅನ್ನೋದಾ ಬೇಡವಾ ಅಂತ ನೀನೇ ಹೇಳು.

ಇಗೋ, ಬಿಚ್ಚಿದೆ. ಹೆಂಗೈತೆ? ಬೆಳ್ಳಿ ಹಂಗೆ ಹೊಳೀತಾ ಐತಲ್ಲ! ಮೂರು ಸಲ ಹೊಳಪು ಹಾಕಿದ್ದೀನಿ, ಮುಖ ನೋಡ್ಕೋಬಹುದು. ಮುರುಗೇಂದ್ರಪ್ಪ ಇದರಲ್ಲಿ ಮೀಸೆ ತಿದ್ದಿಕೊಂಡ. ಇರು, ಹಗ್ಗಕ್ಕೆ ನಾನೇ ಕಟ್ತೀನಿ… ಆ ಗುಬುಟು ಕಿತ್ತುಹಾಕು… ಹಾಂ. ಈಗ ಕೈ ತಾ. ಹೆದರಬೇಡ, ಚುಚ್ಚಲ್ಲ. ಹೆಬ್ಬೆರಳು ಇಲ್ಲಿ ಒರಗಲಿ. ಈ ಎರಡು ಬೆರಳು ಈ ಬಾಗಿಗೆ. ಇನ್ನು ಉಂಗುರದ ಬೆರಳು, ಕಿರುಬೆರಳು, ಎರಡೂ ಒಳಗೆ ಸುರುಳಿ ಸುತ್ಕೊಂಡಿದ್ದಾವಲ್ಲ, ಅವಕ್ಕೆ ಅಂತಲೇ ಇಲ್ಲೊಂದು ಗೂಡು ಐತೆ ನೋಡು, ಗುಬ್ಬಿ ಗೂಡು. ಮೆಲ್ಲಗೆ ತೂರಿಸು… ಹಾಂ… ಹಾಂ… ಕೂತಿತು! ಕೂತಿತು ಕಣೇ! ಕೂದಲೆಳೆಯಷ್ಟೂ ಸಂದಿಲ್ಲ! ಎಲ್ಲಾದರೂ ಒತ್ತುತಾ? ಇಲ್ಲ ತಾನೇ? ಗೊತ್ತಿತ್ತು ನನಗೆ! ಎಳಿ. ಒಂದು ಸಲ ಎಳೆದುಬಿಡು ಲಾಳಿನ!

ಎಳೆಯಮ್ಮಾ.

ಯಾಕೆ? ನೋವಾಗ್ತದಾ? ಇಲ್ವಲ್ಲ. ಮತ್ತೆ ಯಾಕೆ ಹಂಗೆ ಕೂತೆ? ಏನನ್ನ ನೋಡ್ತಾ ಇದ್ದೀಯಾ, ಆ ಗೂಡನ್ನಾ? ಕಿರುಬೆರಳು ತೆಗೀತೀಯಾ, ಮತ್ತೆ ತೂರಿಸ್ತೀಯಾ, ಮತ್ತೆ ತೆಗೀತೀಯಾ… ಚೆನ್ನಾಗಿ ಕೂತೈತಲ್ಲ. ಅವಳು ಮೇಣ ಒತ್ತಿ ಅಳತೆ ತಗೊಂಡಾಗಲೇ ಅಷ್ಟು ನಾಜೂಕಾಗಿ…

ಓ.

ಇಲ್ಲ, ಅದು ಹೆಂಗೆ ಅಂದರೆ… ಅವಳು ಅಳತೆ ತಗೊಂಡಾಗ ಈ ಎರಡು ಬೆರಳು ಇಷ್ಟು ಮಡಚಿಕೊಂಡಿರಲಿಲ್ಲ, ನಿಜ. ಹೆಚ್ಚುಕಡಿಮೆ ನೆಟ್ಟಗೇ ಇದ್ದವು. ಅವಳು ಹೋದಮೇಲೆ ತಾನೇ ಸುಟ್ಟ ಚರ್ಮ ಎಳೀತಾ ಎಳೀತಾ ಹಿಂಗಾದದ್ದು. ನಾನು ಫೋನಿನಲ್ಲಿ ಹೇಳಿದೆ ಅವಳಿಗೆ! “ಹಿಂಗೆ ಹಿಂಗೆ, ಕಿರುಬೆರಳು ಒಳಗೆ ಹೋಗೈತೆ ಕಣವ್ವಾ, ತಿದ್ದು” ಅಂದೆ. ತಿದ್ದಿದಳು. ಕಂಪ್ಯೂಟರಿನಲ್ಲಿ ಏನು ಬೇಕಾದರೂ ತಿದ್ದಬಹುದು.

ಏನು? ಫೋನಿನಲ್ಲಿ ಬೆರಳಿನ ಬಾಗು ಹೆಂಗೆ ಹೇಳಿದೆ ಅಂತೀಯಾ? ಏನೂ ಅಂದಿಲ್ಲ ಅನ್ನಬೇಡ, ನಿನ್ನ ಮುಖ ಅಂತೈತೆ. ಹೇಳಿದೆ… ಹೆಂಗೋ ಹೇಳಿದೆ. ನೂಲು ಇಟ್ಟು ಅಳೆದುಕೊಂಡು… ನಿನಗೆ ಗೊತ್ತಾಗದ ಹಂಗೆ… ನೀನು ಮಲಗಿದ್ದಾಗ…

ನನ್ನ ಕೈ ಯಾಕೆ ಹಿಡ್ಕೊಂಡೆ? ಬಿಡು. ಉಗುರು ನೋಡಬೇಡ. ಕೊಳೆ ಅದು. ಫೌಂಡ್ರಿಯೋನ ಉಗುರು ಇನ್ನು ಹೆಂಗಿರ್ತದೆ… ಬಿಡೇ. ಮೇಣ ಅಷ್ಟು ಸಲೀಸಾಗಿ ಹೋಗಲ್ಲ ಉಗುರಿನಿಂದ.

ಮಾಟ್ಲಾಡವೇ ತಲ್ಲೀ, ಮಾತಾಡೇ ತಾಯೀ. ನಿಮ್ಮವ್ವ ಆಗಿದ್ದರೆ ಇಷ್ಟು ಹೊತ್ತಿಗೆ ತೆಲುಗಿನಲ್ಲಿ ಒಂದು, ಕನ್ನಡದಲ್ಲಿ ಒಂದು ಬೈದು ಮುಗಿಸಿರೋಳು. ನೀನೂ ಬೈಯಿ.

…

ಹೂಂ. ನಾನೇ. ಸೀಡಿ ಬಂದಿಲ್ಲ ಕುಮಾರಿ. ನಯ ಗಿಯ ಏನೂ ಬಂದಿಲ್ಲ. ಇದ್ದದ್ದು ಆ ಒರಟು ಫ್ಲಾಪಿ ಒಂದೇ. ಆ ಕಲ್ಲುಸಕ್ಕರೆ ನಮೂನೆಗೇ ಮೇಣ ಮೆತ್ತಿದೆ, ಕೆರೆದೆ, ಮತ್ತೆ ಮೆತ್ತಿದೆ. ಇಲ್ಲಿಗೆ ಬಂದಾಗೆಲ್ಲ, ನೀನು ಮುದ್ದೆ ಇಕ್ಕುವಾಗ, ಚೊಂಬು ಕೊಡುವಾಗ, ನಾನು ಕಥೆ ಹೊಡೀತಾ ನಿನ್ನ ಕೈಯನ್ನೇ ನೋಡ್ತಿದ್ದೆ. ಕಣ್ಣಲ್ಲಿ ತುಂಬಿಕೊಂಡು ಹೋಗಿ ಚಳ್ಳಕೆರೆಯಲ್ಲಿ ಇಳಿಸ್ತಿದ್ದೆ. ದಾರಿಯುದ್ದಕ್ಕೂ ಬಸ್ಸಿನಲ್ಲಿ ಯಾರ ಜೊತೆಗೂ ಮಾತಾಡ್ತಿರಲಿಲ್ಲ, ಅಳತೆ ಚೆಲ್ಲಿಹೋಗ್ತದೆ ಅಂತ. ನಾನು! ಮಾತಾಡದೆ!

ನಿನ್ನ ಕೈಗೆ ಸರಿಯಾಗಿ ಕೂರಲಿ ಅಂತ ಮಾಡಿದೆ. ಕೂತದ್ದೇ ತಪ್ಪಾಯ್ತಲ್ಲೇ. ಆ ಎರಡು ಬೆರಳಿನ ಹತ್ತಿರ ಒಂದಿಷ್ಟು ಕೆಡಿಸಿದ್ದರೆ ನೀನು ನಂಬ್ತಿದ್ದೆ, ಹಳೇ ಅಳತೆ ಅಂತ. ಕೆಡಿಸಬೇಕು ಅಂತ ಉಜ್ಜೋ ಅರ ಹಿಡ್ಕೊಂಡೂ ಕೂತಿದ್ದೆ ಒಂದು ಸಲ. ನಿನಗೆ ಒತ್ತುತ್ತದಲ್ಲ ಅಂತ… ಮನಸ್ಸು ಬರಲಿಲ್ಲ.

ಫೋನಾ? ಫೋನೂ ಇಲ್ಲ. ಒಂದು ಸಲವೂ ಇಲ್ಲ. ಬೆಳಗಾವಿಗೇ ಹೋಗಿದ್ದೆ ನಾನು. ಹೊಟ್ಟೆ ನಿಜ ಕಣೇ, ಏಳು ತುಂಬಿರೋದು ನಿಜ. ಬಾಗಿಲ ಚೌಕಟ್ಟು ಹಿಡ್ಕೊಂಡು ನಿಂತಿದ್ದಳು, ಕಾಲು ಊದಿದ್ದವು. “ಆ ಫೈಲು ಕೊಡು ತಾಯಿ, ಅಕ್ಕನ ಮಣಿಕಟ್ಟು ಹುಣ್ಣಾಗೈತೆ” ಅಂದೆ. “ಅಳಿಸಿಬಿಟ್ಟೆ ಮಾಮಾ” ಅಂದಳು. “ಬಾಗಿಲು ತೆಗೀದೇ ಇದ್ದ ಕೈಯದು. ಇಟ್ಕೊಂಡು ಏನು ಮಾಡಲಿ?” ಅಂದಳು. ಕೂಗಲಿಲ್ಲ, ಬೈಲಿಲ್ಲ. ಕೂಗಾಡಿದ್ದರೆ ಚೆನ್ನಾಗಿರ್ತಿತ್ತು. “ಅಕ್ಕನ ಕೈಗೆ ಒರಟಾ” ಅಂದಳು ಅಂದೆನಲ್ಲ… ಅದು ಅವಳ ಮಾತಲ್ಲ. ಅವಳು ಹಂಗೆ ಅನ್ನಬೇಕಿತ್ತು ಅಂತ ನನ್ನ ಆಸೆ, ಅಷ್ಟೇ. ಕರೆದರೆ ಬರ್ತೀನಿ ಅಂತಲೂ ಅವಳು ಅಂದಿಲ್ಲ. ನೀನು ಬಾ ಅಂದಿದ್ದರೆ, ಅದನ್ನ ಹೊತ್ಕೊಂಡು ಹೋಗಿ ಅವಳ ಮುಂದೆ ಇಟ್ಟು, ಏನಾದರೂ…

ನಿನ್ನ ಒಬ್ಬಳಿಗೇ ಹೇಳಿದ್ದಲ್ಲ ಸುಳ್ಳು. ಅವಳಿಗೂ ಹೇಳಿದೆ. ಬರಿಗೈಯಲ್ಲಿ ಹೋಗಿರಲಿಲ್ಲ, ಒಂದು ಸೀರೆ ಒಯ್ದಿದ್ದೆ. ಇದೇ ಬೀದಿಯ ಚೌಡೇಶನ ಮಗ್ಗದ್ದು. “ಅಕ್ಕ ನಿನಗೆ ಅಂತಲೇ ನೇಯ್ದು ಕಳಿಸಿದ್ದಾಳೆ” ಅಂದೆ. ಅವಳ ಕಣ್ಣು ಹೆಂಗೆ ಅರಳಿದವು ಗೊತ್ತಾ! ಮಡಿಕೆ ಬಿಚ್ಚಿದಳು. ಅಂಚು ಒಡಲಿಗೆ ಕೂಡೋ ಕಡೆ ಒಂದು ಸಲ ಬೆರಳಾಡಿಸಿದಳು. ಮುಗೀತು. ನಿನ್ನ ಪಕ್ಕ ಕೂತು ಬೆಳೆದೋಳು, ನಿನ್ನ ನೇಯ್ಗೆ ಅವಳ ಬೆರಳಿಗೆ ತಿಳೀದೇ ಇರ್ತದಾ? ನಿಂತುಬಿಟ್ಟಳು. ಹಿಂಗೇ, ಈಗ ನೀನು ಕೂತಿದ್ದೀಯಲ್ಲ, ತಲೆ ಹಿಂಗೇ ಬಗ್ಗಿಸಿ, ಕೆಳತುಟಿ ಹಿಂಗೇ ಕಚ್ಚಿ. ಆಮೇಲೆ ಒಳಗೆ ಹೋಗಿ ಬಾಗಿಲು ಹಾಕ್ಕೊಂಡಳು.

ಕೊಡು ಅದನ್ನ. ವಾಪಸ್ ಒಯ್ತೀನಿ. ಕರಗಿಸಿದರೆ ಯಾವುದೋ ಪಂಪಿಗಾದರೂ ಆಗ್ತದೆ. ಕೊಡು ಕುಮಾರಿ. ಬೆರಳು ಸಡಿಲ ಬಿಡು… ಬಿಡಲ್ವಾ? ಯಾಕೆ ಹಂಗೆ ಬಿಗಿಯಾಗಿ ಹಿಡ್ಕೊಂಡೆ? ಅವಳು ಮಾಡಿದ್ದಲ್ಲ ಅಂದೆನಲ್ಲ. ಸುಳ್ಳು ಅದು. ಇಟ್ಕೊಂಡು ಏನು ಮಾಡ್ತೀಯಾ…

ತಡಿ.

ತಡಿ, ತಡಿ. ಸೀರೆನ ಅವಳೂ ವಾಪಸ್ ಕೊಡಲಿಲ್ಲ.

ಹೌದು ಕಣೇ! ಬಾಗಿಲು ಹಾಕ್ಕೊಂಡಳು, ಸೀರೆ ಒಳಗೇ ಉಳೀತು. ಚೌಡೇಶನದು ಅಂತ ಗೊತ್ತಾದ ಮೇಲೂ ಎದೆಗೆ ಅವುಚಿಕೊಂಡೇ ಒಳಗೆ ಹೋದಳು. ನಾನು ಕಣ್ಣಾರೆ ನೋಡಿದೆ. ನೋಡಿಯೂ ಇಷ್ಟು ದಿನ ಈ ಮೊದ್ದು ತಲೆಗೆ…

ಯಾಕೆ ಹಂಗೆ ನೋಡ್ತೀಯಾ?

ಇಲ್ಲ. ಇಲ್ಲ ಕುಮಾರಿ, ಇದು ನಾನು ಸೇರಿಸಿದ್ದಲ್ಲ. ಇದು ಆದದ್ದು. ನಿಮ್ಮವ್ವನ ಆಣೆ. ನಿಜವಾಗಿ ಆದದ್ದನ್ನ ಹೆಂಗೆ ಹೇಳಬೇಕು ಅಂತ ನನಗೆ ಬರಲ್ಲ, ಅದಕ್ಕೇ ನಿನಗೆ ಹಂಗೆ ಕೇಳಿಸ್ತದೆ. ನೋಡು, ಮೆಲ್ಲಗೆ ಹೇಳ್ತೀನಿ. ಅವಳು ಬಾಗಿಲಲ್ಲಿ ನಿಂತಿದ್ದಳು. ಸೀರೆ ಕೈಯಲ್ಲಿತ್ತು. ಒಳಗೆ ಹೋಗುವಾಗ ಎದೆಗೆ ಅವುಚಿಕೊಂಡಳು.

ಅಷ್ಟೇ, ಕುಮಾರಿ. ಅಷ್ಟೇ ಆದದ್ದು.